ನಿಯಮ ಮಾಡಿದವರನ್ನೂ ಕಟ್ಟುವ ನಿಯಮ

ಮೈಸೂರಿನ ನ್ಯಾಯಾಲಯಗಳಲ್ಲಿ ಸರ್ಕಾರದ ಕಡೆಯ ಕಾಗದ ಪತ್ರ ಹಿಡಿದು ಓಡಾಡುವವರನ್ನೆಲ್ಲ ಕಕ್ಷಿದಾರರು 'ಸರ್ಕಾರಿ ವಕೀಲರ ಕಚೇರಿಯವರು' ಎಂದು ಒಂದೇ ಮಾತಿನಲ್ಲಿ ಕರೆದುಬಿಡುತ್ತಾರೆ. ಸೇವಾ ನಿಯಮಗಳ ಲೆಕ್ಕದಲ್ಲಿ ಮಾತ್ರ ಇವರು ಒಂದೇ ಜಾತಿಯವರಲ್ಲ. ಜಿಲ್ಲಾ ಸರ್ಕಾರಿ ವಕೀಲರು ಖಾಸಗಿ ವೃತ್ತಿಯಿಂದ ಬಂದು ಸರ್ಕಾರದ ಪರವಾಗಿ ವಾದಿಸುವವರು. ಸಹಾಯಕ ಸರ್ಕಾರಿ ಅಭಿಯೋಜಕರು ಪರೀಕ್ಷೆ ಬರೆದು ಆಯ್ಕೆಯಾದ ಇಲಾಖಾ ಅಧಿಕಾರಿಗಳು. ಕಡತ ಜೋಡಿಸುವ ದ್ವಿತೀಯ ದರ್ಜೆ ಸಹಾಯಕ, ಬೆರಳಚ್ಚುಗಾರ, ಜವಾನ ಇವರು ಖಾಯಂ ಸರ್ಕಾರಿ ನೌಕರರಾಗಿರಬಹುದು, ದಿನಗೂಲಿಯವರೋ ಗುತ್ತಿಗೆಯವರೋ ಆಗಿರಬಹುದು. ಒಬ್ಬರಿಗೆ ಅನ್ವಯಿಸುವ ನಿಯಮ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ.

ಈ ಕಚೇರಿಯ ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಯಾವುದೋ ಇಲಾಖೆಯ ನೌಕರನೊಬ್ಬ ತನಗೆ ಅನ್ಯಾಯವಾಯಿತೆಂದು ನ್ಯಾಯಾಲಯಕ್ಕೆ ಹೋದರೆ, ನಿಯಮವನ್ನು ಸಮರ್ಥಿಸಿ ಉತ್ತರ ಸಿದ್ಧಪಡಿಸುವ ಕೆಲಸ ಸರ್ಕಾರದ ಕಾನೂನು ಕಚೇರಿಗಳ ಮೇಲೆ ಬೀಳುತ್ತದೆ. ಅಲ್ಲಿ ಕುಳಿತು ಆ ಉತ್ತರವನ್ನು ಬೆರಳಚ್ಚು ಮಾಡುವವನ ಸ್ವಂತ ಮುಂಬಡ್ತಿಯೂ ಅಂಥದೇ ಒಂದು ನಿಯಮದ ಅಡಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರಬಹುದು. ಸರ್ಕಾರ ತಾನೇ ಬರೆದ ನಿಯಮಕ್ಕೆ ತಾನು ಎಷ್ಟರಮಟ್ಟಿಗೆ ಬದ್ಧ? ಅದನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ? ಈ ಪ್ರಶ್ನೆಗಳಿಗೆ ಇಡೀ ಭಾರತ ಇಂದು ಒಪ್ಪಿಕೊಂಡಿರುವ ಉತ್ತರಗಳಲ್ಲಿ ಹಲವು ಹುಟ್ಟಿದ್ದು ಹಳೆಯ ಮೈಸೂರು ರಾಜ್ಯದ, ಮುಂದೆ ಕರ್ನಾಟಕದ, ನೌಕರರು ಹೂಡಿದ ದಾವೆಗಳಿಂದ ಎಂಬುದು ಅಷ್ಟಾಗಿ ತಿಳಿಯದ ಸಂಗತಿ.

ಅರಿಕೆಯ ಕಾಲ

ಅರಸರ ಕಾಲದಲ್ಲಿ ಸರ್ಕಾರಿ ಕೆಲಸವೆಂದರೆ ಪ್ರಭುಗಳ ಕೃಪೆ. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂದ ಮೇಲೆ ಅದಕ್ಕೊಂದು ಕಟ್ಟುಪಾಡು ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸ್ಪರ್ಧಾ ಪರೀಕ್ಷೆ ಏರ್ಪಟ್ಟಿತು. 1884ರಲ್ಲಿ ಮುಖ್ಯ ನ್ಯಾಯಾಲಯ ಸ್ಥಾಪನೆಯಾಗಿ 1930ರಲ್ಲಿ ಅದು ಹೈಕೋರ್ಟ್ ಎನ್ನಿಸಿಕೊಂಡಿತು. ಹೀಗೆ ನಿಯಮಗಳೂ ಇದ್ದವು, ನ್ಯಾಯಾಲಯವೂ ಇತ್ತು. ನಿಯಮ ತಪ್ಪಿತೆಂದು ಸರ್ಕಾರವನ್ನು ಕಟಕಟೆಗೆ ಎಳೆಯುವ ಮೂಲಭೂತ ಹಕ್ಕು ಮಾತ್ರ ನೌಕರನಿಗಿರಲಿಲ್ಲ. ಉಳಿದ ದಾರಿ ಅರಿಕೆ ಮಾಡಿಕೊಳ್ಳುವುದು. ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು. ಆದೇಶ ಕೊಡುವ ಅಧಿಕಾರ ಆ ಸಭೆಗಿರಲಿಲ್ಲ.

ನೇಮಕಾತಿಯ ನಿಯಮವೇ ಅನ್ಯಾಯದ್ದು ಎಂಬ ದೊಡ್ಡ ದೂರು ಎದ್ದದ್ದೂ ಹೀಗೆ ಅರಿಕೆಯ ರೂಪದಲ್ಲಿಯೇ. ಪರೀಕ್ಷೆ ಎಲ್ಲರಿಗೂ ತೆರೆದಿದ್ದರೂ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಪಾಲಾಗುತ್ತಿವೆ ಎಂದು 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಬಿನ್ನವಿಸಿಕೊಂಡಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಹಿಂದುಳಿದ ಸಮುದಾಯಗಳವರಿಗೆ ಸಿಗುವಂತಾಗಬೇಕು ಎಂದು ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. ಅವರು ದಿವಾನಗಿರಿಯಿಂದ ಹೊರಬಂದದ್ದಕ್ಕೆ ಅದೂ ಒಂದು ಕಾರಣ. 1921ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಇಷ್ಟು ದೊಡ್ಡ ವಿವಾದದಲ್ಲಿ ಯಾವ ಪಕ್ಷದವರೂ ಕೋರ್ಟಿಗೆ ಹೋಗಲಿಲ್ಲ. ಕೊಡುವವರೂ ತಡೆಯುವವರೂ ಅರಮನೆಯಲ್ಲೇ ಇದ್ದ ಕಾಲ ಅದು.

ಕೃಪೆಯಿಂದ ಹಕ್ಕಿಗೆ

1950ರ ಜನವರಿ 26ರಂದು ಈ ಲೆಕ್ಕ ಬದಲಾಯಿತು. ಸಂವಿಧಾನದ 14ನೆಯ ವಿಧಿ ಎಲ್ಲರಿಗೂ ಸಮಾನತೆಯನ್ನೂ 16ನೆಯ ವಿಧಿ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನೂ ಹಕ್ಕಾಗಿ ಕೊಟ್ಟವು. ನೇಮಕಾತಿ ಮತ್ತು ಸೇವಾ ಷರತ್ತುಗಳನ್ನು ಶಾಸಕಾಂಗ ಕಾಯಿದೆಯ ಮೂಲಕ ಗೊತ್ತುಪಡಿಸಬಹುದು, ಕಾಯಿದೆ ಬರುವತನಕ ರಾಜ್ಯಪಾಲರ ಹೆಸರಿನಲ್ಲಿ ನಿಯಮ ಮಾಡಬಹುದು ಎಂದು 309ನೆಯ ವಿಧಿ ಹೇಳಿತು. ನೌಕರ ಕೆಲಸದಲ್ಲಿ ಮುಂದುವರಿಯುವುದು ಪ್ರಭುತ್ವದ ಇಚ್ಛೆ ಇರುವವರೆಗೆ ಎಂಬ ಹಳೆಯ ತತ್ವ 310ನೆಯ ವಿಧಿಯಲ್ಲಿ ಉಳಿಯಿತಾದರೂ ಅದರ ಬೆನ್ನಿಗೇ ಬಂದ 311ನೆಯ ವಿಧಿ, ವಿಚಾರಣೆಯಿಲ್ಲದೆ ಯಾರನ್ನೂ ವಜಾ ಮಾಡಕೂಡದೆಂದು ಅದಕ್ಕೆ ಮೂಗುದಾರ ಹಾಕಿತು. ಇವೆಲ್ಲಕ್ಕಿಂತ ಮಿಗಿಲಾಗಿ 226ನೆಯ ವಿಧಿ ಹೈಕೋರ್ಟಿನ ಬಾಗಿಲನ್ನು ತೆರೆಯಿತು. ಗುಮಾಸ್ತೆಯೊಬ್ಬ ರಿಟ್ ಅರ್ಜಿ ಹಾಕಿ ಮುಖ್ಯ ಕಾರ್ಯದರ್ಶಿಯಿಂದ ಉತ್ತರ ಕೇಳಬಹುದಾಯಿತು.

ಆ ಬಾಗಿಲಿನಲ್ಲಿ ನಿಜವಾಗಿ ನೂಕುನುಗ್ಗಲು ಆದದ್ದು ರಾಜ್ಯ ಪುನರ್ವಿಂಗಡಣೆಯ ನಂತರ. 1956ರ ನವೆಂಬರ್ 1ರಂದು ಹಳೆಯ ಮೈಸೂರಿನ ಜೊತೆಗೆ ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಪ್ರದೇಶಗಳೂ ಕೊಡಗೂ ಸೇರಿದವು. ನಕ್ಷೆ ಒಂದೇ ದಿನದಲ್ಲಿ ಒಂದಾಯಿತು. ಕಚೇರಿಗಳು ಹಾಗೆ ಒಂದಾಗಲಿಲ್ಲ. ಒಂದು ಕಡೆಯ ಗುಮಾಸ್ತೆಯ ದರ್ಜೆ ಇನ್ನೊಂದು ಕಡೆಯ ಯಾವ ದರ್ಜೆಗೆ ಸಮ, ಐದು ಕಡೆಯಿಂದ ಬಂದವರಲ್ಲಿ ಯಾರು ಹಿರಿಯರು, ಯಾವ ಇಲಾಖಾ ಪರೀಕ್ಷೆ ಯಾರಿಗೆ ಕಡ್ಡಾಯ, ಹೀಗೆ ಸಾವಿರ ತಕರಾರುಗಳು. ಸೇವಾ ಷರತ್ತುಗಳನ್ನು ನೌಕರನಿಗೆ ನಷ್ಟವಾಗುವಂತೆ ಬದಲಿಸುವುದಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು ಎಂದು ಪುನರ್ವಿಂಗಡಣಾ ಕಾಯಿದೆಯ 115ನೆಯ ಪ್ರಕರಣ ಹೇಳಿತ್ತು. ದಕ್ಷಿಣ ಕನ್ನಡದ ಕಂದಾಯ ನೌಕರರೊಬ್ಬರು ಈ ಪ್ರಕರಣವನ್ನೇ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದರು. ಕೇಂದ್ರ 1957ರಲ್ಲಿಯೇ ಸಾಮಾನ್ಯ ರೂಪದಲ್ಲಿ ಅನುಮತಿ ಕೊಟ್ಟಿದೆಯೆಂದು 1964ರಲ್ಲಿ ತೀರ್ಪಾಗಿ ಅವರ ವಾದ ನಿಲ್ಲಲಿಲ್ಲ. ಹೈದರಾಬಾದಿನಿಂದ ಬಂದ ನಕ್ಷೆಗಾರರ ದೂರು ಬೇರೆ ಬಗೆಯದು. ಒಂದೇ ಕೆಲಸ ಮಾಡುವ ಟ್ರೇಸರ್‌ಗಳಲ್ಲಿ ಮೆಟ್ರಿಕ್ ಆದವರಿಗೆ ಹೆಚ್ಚು, ಆಗದವರಿಗೆ ಕಡಿಮೆ ವೇತನ ಏಕೆ ಎಂದು ಅವರು ಕೇಳಿದರು. ವಿದ್ಯಾರ್ಹತೆಯ ಆಧಾರದ ಮೇಲೆ ದರ್ಜೆ ಬೇರೆ ಮಾಡುವುದು ಸಮಾನತೆಗೆ ವಿರುದ್ಧವಲ್ಲ ಎಂಬ ಉತ್ತರ 1967ರಲ್ಲಿ ಬಂತು.

ಇಬ್ಬರೂ ಸೋತರು. ಆದರೂ ಒಂದು ಮಾತು ಗಟ್ಟಿಯಾಯಿತು. ಗೆಲ್ಲಲಿ ಸೋಲಲಿ, ಸರ್ಕಾರ ತನ್ನ ನಿಯಮಕ್ಕೆ ಕಾರಣ ಹೇಳಲೇಬೇಕು.

ಎಂಜಿನಿಯರುಗಳ ಹದಿನೆಂಟು ವರ್ಷ

ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರುಗಳ ಮೊಕದ್ದಮೆ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದಿತು. ಹೊಸ ರಾಜ್ಯಕ್ಕೆ ಎಂಜಿನಿಯರುಗಳು ತುರ್ತಾಗಿ ಬೇಕಾಗಿದ್ದರು. ನೇಮಕಾತಿ ನಿಯಮಗಳು ಇನ್ನೂ ಸಿದ್ಧವಾಗಿರಲಿಲ್ಲ. ಲೋಕಸೇವಾ ಆಯೋಗ ಅರ್ಜಿ ಕರೆಯಿತು. ಮಧ್ಯೆ 1960ರಲ್ಲಿ ನಿಯಮಗಳು ಪ್ರಕಟವಾದವು. ಹಿಂದಿನ ಅರ್ಜಿಗಳ ಆಧಾರದ ಮೇಲೆಯೇ 1961ರಲ್ಲಿ ನೇಮಕಗಳಾದವು. ನಿಯಮಕ್ಕೆ ಅನುಸಾರವಾಗಿಲ್ಲವೆಂದು ಹೈಕೋರ್ಟು ಅವನ್ನು ರದ್ದು ಮಾಡಿತು. ನೇಮಕಗೊಂಡವರು ಸುಪ್ರೀಂ ಕೋರ್ಟಿಗೆ ಹೋದರು.

ಬಿ.ಎನ್. ನಾಗರಾಜನ್ ವಿರುದ್ಧ ಮೈಸೂರು ರಾಜ್ಯ ಎಂದು ಹೆಸರಾದ ಈ ಪ್ರಕರಣದಲ್ಲಿ 1966ರಲ್ಲಿ ಬಂದ ತೀರ್ಪು ಇಂದಿಗೂ ಸೇವಾ ಕಾನೂನಿನ ಮೊದಲ ಪಾಠ. ಹುದ್ದೆ ತುಂಬುವ ಮೊದಲು ನಿಯಮ ಮಾಡಿಯೇ ತೀರಬೇಕೆಂದು ಸಂವಿಧಾನ ಹೇಳುವುದಿಲ್ಲ. ನಿಯಮವಿಲ್ಲದಾಗ ಸರ್ಕಾರ 162ನೆಯ ವಿಧಿಯ ಕಾರ್ಯಾಂಗ ಅಧಿಕಾರದಿಂದ ನೇಮಕ ಮಾಡಬಹುದು. ಆದರೆ ನಿಯಮವೊಂದು ಜಾರಿಯಲ್ಲಿದ್ದರೆ ಬರಿಯ ಆದೇಶದ ಮೂಲಕ ಅದನ್ನು ಮೀರುವಂತಿಲ್ಲ. ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು. ನೇಮಕಗಳು ಉಳಿದವು.

ಮೊಕದ್ದಮೆ ಮಾತ್ರ ಮುಗಿಯಲಿಲ್ಲ. ನೇರ ನೇಮಕಾತಿಯಿಂದ ಬಂದವರಿಗೂ ಕೆಳಗಿನ ದರ್ಜೆಯಿಂದ ತಾತ್ಕಾಲಿಕವಾಗಿ ಮುಂಬಡ್ತಿ ಪಡೆದಿದ್ದವರಿಗೂ ಜ್ಯೇಷ್ಠತೆಯ ಜಗಳ ಹತ್ತಿತು. ತಾತ್ಕಾಲಿಕ ಮುಂಬಡ್ತಿಗಳನ್ನು ಹಿಂದಿನ ದಿನಾಂಕದಿಂದ ಸಕ್ರಮಗೊಳಿಸಿದ್ದೇವೆ, ಆದ್ದರಿಂದ ಅವರೇ ಹಿರಿಯರು ಎಂದಿತು ಸರ್ಕಾರ. ಅದೇ ಬಿ.ಎನ್. ನಾಗರಾಜನ್ ಅವರ ಹೆಸರಿನಲ್ಲಿ, ಎದುರಾಳಿಯ ಹೆಸರು ಮಾತ್ರ ಕರ್ನಾಟಕ ರಾಜ್ಯವೆಂದು ಬದಲಾಗಿ, ಎರಡನೆಯ ತೀರ್ಪು ಬಂದದ್ದು 1979ರಲ್ಲಿ. ಸಕ್ರಮವೆಂದರೆ ಕಾರ್ಯವಿಧಾನದ ಸಣ್ಣ ಲೋಪವನ್ನು ತಿದ್ದುವುದು; ಖಾಯಂ ಮಾಡುವುದೇ ಬೇರೆ, ಸಕ್ರಮ ಮಾಡುವುದೇ ಬೇರೆ; ನಿಯಮ ಜಾರಿಯಲ್ಲಿರುವಾಗ ಅದಕ್ಕೆ ವಿರುದ್ಧವಾಗಿ ಆದೇಶದ ಮೂಲಕ ಸಕ್ರಮ ಮಾಡಲಾಗದು ಎಂದು ಕೋರ್ಟು ಹೇಳಿತು. ನೇಮಕವಾದ ವರ್ಷದಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ಸರ್ಕಾರಿ ನೌಕರನ ಒಟ್ಟು ಸೇವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ತಾನು ಯಾರಿಗಿಂತ ಹಿರಿಯ ಎಂಬುದೇ ಗೊತ್ತಿಲ್ಲದೆ ಕಳೆದಂತಾಯಿತು.

ಹೊರಗಿನವರಿಗೆ ಇದು ಅಲ್ಪ ವಿಷಯವಾಗಿ ಕಾಣಬಹುದು. ಜ್ಯೇಷ್ಠತಾ ಪಟ್ಟಿಯಲ್ಲಿ ಎರಡು ಸ್ಥಾನ ಕೆಳಗಿಳಿದವನಿಗೆ ಮುಂಬಡ್ತಿ ನಾಲ್ಕಾರು ವರ್ಷ ತಡವಾಗಬಹುದು. ಹಳೆಯ ಪಿಂಚಣಿ ಪದ್ಧತಿಯವರಿಗೆ ನಿವೃತ್ತಿಯ ದಿನ ಪಡೆಯುತ್ತಿದ್ದ ಸಂಬಳದ ಮೇಲೆಯೇ ಪಿಂಚಣಿಯೂ ಕುಟುಂಬ ಪಿಂಚಣಿಯೂ ನಿಂತಿರುತ್ತವೆ. ಪಟ್ಟಿಯಲ್ಲಿ ಆದ ತಪ್ಪು ಮನೆಯೊಂದರ ಎರಡು ತಲೆಮಾರಿನ ಲೆಕ್ಕವನ್ನು ಬದಲಿಸಬಲ್ಲದು.

ಅರ್ಹತೆ ಅಳೆಯುವವರು ಯಾರು?

ಇದೇ ಅವಧಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೇಮಕವೊಂದು ಬೇರೊಂದು ಪ್ರಶ್ನೆಯನ್ನು ಎತ್ತಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು. ಅಲ್ಲಿನ ಇಂಗ್ಲಿಷ್ ಸಂಶೋಧನಾ ರೀಡರ್ ಹುದ್ದೆಗೆ ಆಯ್ಕೆಯಾದವರಿಗೆ ಪ್ರಕಟಣೆಯಲ್ಲಿ ಹೇಳಿದ ಅರ್ಹತೆ ಇಲ್ಲವೆಂದು ಗೋವಿಂದರಾವ್ ಎಂಬವರು ರಿಟ್ ಹಾಕಿದರು. ಸ್ನಾತಕೋತ್ತರ ಪರೀಕ್ಷೆಯಲ್ಲಿ ಮೇಲ್ಮಟ್ಟದ ದ್ವಿತೀಯ ದರ್ಜೆ ಬೇಕೆಂದಿದ್ದರೂ ಆಯ್ಕೆಯಾದವರಿಗೆ ಬಂದಿದ್ದ ಅಂಕ ಶೇಕಡ 50.2. ಅವರಲ್ಲಿ ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾನಿಲಯದ ಪದವಿಯೂ ಇತ್ತು. ಹೈಕೋರ್ಟು ನೇಮಕವನ್ನು ರದ್ದು ಮಾಡಿತು.

1963ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ತಿರುವಿಹಾಕಿತು. ಹುದ್ದೆ ಹಿಡಿದವನಿಗೆ ಅದರ ಮೇಲೆ ಅಧಿಕಾರವಿಲ್ಲವೆಂದು ತೋರಿಸಬೇಕಾದರೆ ಶಾಸನದ ಬಲವುಳ್ಳ ನಿಯಮವೊಂದು ಮುರಿದಿರಬೇಕು. ಯಾವ ಪದವಿ ಯಾವುದಕ್ಕೆ ಸಮ ಎಂಬುದು ತಜ್ಞರ ಮಂಡಳಿಗೆ ಸೇರಿದ ವಿಷಯ. ಅವರಿಗೆ ದುರುದ್ದೇಶವಿಲ್ಲದಿದ್ದಾಗ ನ್ಯಾಯಾಲಯ ಕೈಹಾಕಲು ಹಿಂಜರಿಯಬೇಕು. ದೇಶದ ಯಾವ ಮೂಲೆಯಲ್ಲಿ ಪ್ರಾಧ್ಯಾಪಕರ ನೇಮಕ ವಿವಾದಕ್ಕೆ ಸಿಕ್ಕಿದರೂ ಮೈಸೂರು ವಿಶ್ವವಿದ್ಯಾನಿಲಯದ ಈ ತೀರ್ಪನ್ನು ವಕೀಲರು ಇಂದಿಗೂ ಓದಿ ಹೇಳುತ್ತಾರೆ.

ಶಿಕ್ಷೆಯ ವಿಷಯದಲ್ಲಿ ಮಾತ್ರ ನ್ಯಾಯಾಲಯ ಇಷ್ಟು ಹಿಂಜರಿಯಲಿಲ್ಲ. ಪ್ರಯಾಣ ಭತ್ಯೆಯ ಸುಳ್ಳು ಬಿಲ್ಲಿನ ಆರೋಪ ಹೊತ್ತಿದ್ದ ಮೈಸೂರು ರಾಜ್ಯದ ಅಧಿಕಾರಿಯೊಬ್ಬರಿಗೆ ಹಿಂಬಡ್ತಿ ಸಾಕೆಂದು ವಿಚಾರಣಾಧಿಕಾರಿ ಶಿಫಾರಸು ಮಾಡಿದ್ದರು. ಸರ್ಕಾರ ಅವರ ಹಿಂದಿನ ನಡತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ವಜಾ ಮಾಡಿತು. ಆ ಹಳೆಯ ಸಂಗತಿಗಳು ನೋಟಿಸಿನಲ್ಲಿ ಇರಲಿಲ್ಲ. ಮಂಚೇಗೌಡ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆಗೆ ಆಧಾರವಾಗುವ ಯಾವುದನ್ನೂ ನೌಕರನಿಂದ ಮುಚ್ಚಿಡಕೂಡದು, ಅದಕ್ಕೆ ಉತ್ತರ ಹೇಳುವ ಅವಕಾಶ ಅವನಿಗಿರಬೇಕು ಎಂದಿತು. ಶಿಕ್ಷೆಯ ಪ್ರಮಾಣದ ಬಗ್ಗೆ ಎರಡನೆಯ ನೋಟಿಸು ಕೊಡುವ ಪದ್ಧತಿಯನ್ನು ಸಂವಿಧಾನದ 42ನೆಯ ತಿದ್ದುಪಡಿ ಕೈಬಿಟ್ಟಿದ್ದರೂ ಬೆನ್ನ ಹಿಂದಿನ ಕಾರಣಕ್ಕೆ ಶಿಕ್ಷೆ ಕೊಡಬಾರದೆಂಬ ತತ್ವ ಉಳಿದಿದೆ.

ಹಿಂಬಾಗಿಲು ಮತ್ತು ಸಾಲು

ಒಬ್ಬರಿಗಾಗಿ ನಿಯಮವನ್ನೇ ಬರೆದುಬಿಟ್ಟರೆ? ಕೋಲಾರ ಚಿನ್ನದ ಗಣಿಯ ಊರಿಗಾಂನಲ್ಲಿದ್ದ ಗಣಿ ಶಾಲೆಯ ಪ್ರಿನ್ಸಿಪಾಲರ ನೇಮಕವನ್ನು ಸರ್ಕಾರ 309ನೆಯ ವಿಧಿಯ ಹೆಸರಿನಲ್ಲಿ ಹಿಂದಿನ ದಿನಾಂಕದಿಂದ ಸಕ್ರಮಗೊಳಿಸಿತ್ತು. ನಂಜುಂಡಪ್ಪ ವಿರುದ್ಧ ತಿಮ್ಮಯ್ಯ ಎಂಬ ಈ ಪ್ರಕರಣದಲ್ಲಿ, ಸಕ್ರಮ ಮಾಡುವುದು ನೇಮಕಾತಿಯ ಒಂದು ವಿಧಾನವೇ ಅಲ್ಲ, ಮೂಲದಲ್ಲಿಯೇ ನಿಯಮಬಾಹಿರವಾದುದನ್ನು ಹಾಗೆ ಸರಿಪಡಿಸಲಾಗದು ಎಂದು 1970ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಈ ತತ್ವದ ಬಿಸಿ ದಿನಗೂಲಿ ನೌಕರರಿಗೆ ತಟ್ಟಿತು. ಮಂಜೂರಾದ ಹುದ್ದೆ ತುಂಬದೆ ದಿನಗೂಲಿಯವರಿಂದ ಕೆಲಸ ಮಾಡಿಸುವುದು ಕಚೇರಿಗಳಲ್ಲಿ ಬಹುಕಾಲ ನಡೆದು ಬಂದ ರೂಢಿ. ಕರ್ನಾಟಕ ಸರ್ಕಾರ 1984ರ ಜುಲೈನಿಂದ ಇಂಥ ನೇಮಕಗಳಿಗೆ ನಿಷೇಧ ಹಾಕಿತು, ರೂಢಿ ನಿಲ್ಲಲಿಲ್ಲ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಹೂಡಿದ ದಾವೆಯಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು, ನಿಷೇಧಕ್ಕೆ ಮುಂಚೆ ಸೇರಿ ಹತ್ತು ವರ್ಷ ದುಡಿದವರನ್ನು ಹಂತಹಂತವಾಗಿ ಖಾಯಂ ಮಾಡುವ ಯೋಜನೆಯೊಂದನ್ನು ಅಂಗೀಕರಿಸಿತು. ಆ ಆಸೆಯಲ್ಲಿ ಅನೇಕರು ಕೋರ್ಟಿನ ಮೆಟ್ಟಿಲು ಹತ್ತಿದರು.

ನಂತರ ಬಂದದ್ದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಉಮಾದೇವಿ ಪ್ರಕರಣ. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಬಾಗಿಲು ಮುಚ್ಚಿತು. ಸಾರ್ವಜನಿಕ ಪ್ರಕಟಣೆಯಿಲ್ಲದೆ, ಸ್ಪರ್ಧೆಯಿಲ್ಲದೆ ಬಂದವರನ್ನು ಎಷ್ಟು ವರ್ಷ ದುಡಿದರೆಂಬ ಕಾರಣಕ್ಕೆ ಖಾಯಂ ಮಾಡಿದರೆ, ಹೊರಗೆ ಅರ್ಜಿ ಹಾಕಲು ಕಾದು ಕುಳಿತ ಲಕ್ಷಾಂತರ ನಿರುದ್ಯೋಗಿಗಳ ಸಮಾನ ಅವಕಾಶ ಕಿತ್ತುಕೊಂಡಂತಾಗುತ್ತದೆ ಎಂಬುದು ಪೀಠದ ವಾದ. ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರಿಗೆ ಮಾತ್ರ ಒಂದು ಸಲದ ವಿನಾಯಿತಿ ಸಿಕ್ಕಿತು. ಆ ವಿನಾಯಿತಿಗೆ ಅರ್ಹರಾದ ಎಲ್ಲರನ್ನೂ ಪರಿಶೀಲಿಸಿ ಮುಗಿಸುವ ತನಕ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದು 2010ರಲ್ಲಿ ಕರ್ನಾಟಕದ್ದೇ ಆದ ಕೇಸರಿ ಪ್ರಕರಣ ಹೇಳಿತು. ಉಮಾದೇವಿ ತೀರ್ಪನ್ನು ನೌಕರರನ್ನು ಶೋಷಿಸುವ ಅಸ್ತ್ರವಾಗಿ ಬಳಸಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಚ್ಚರಿಸಿತು.

ಇಲ್ಲಿ ಎರಡು ನ್ಯಾಯಗಳು ಎದುರುಬದುರಾಗಿವೆ. ಇಪ್ಪತ್ತು ವರ್ಷ ಕಡತ ಹೊತ್ತವನು 'ನನ್ನನ್ನು ಬಿಟ್ಟು ಕಚೇರಿ ನಡೆಯಿತೇ' ಎಂದು ಕೇಳುತ್ತಾನೆ. ಸಾಲಿನಲ್ಲಿ ನಿಂತವನು 'ನನಗೆ ಅರ್ಜಿ ಹಾಕುವ ಅವಕಾಶವನ್ನೇ ಕೊಡಲಿಲ್ಲವಲ್ಲ' ಎನ್ನುತ್ತಾನೆ. ಇಬ್ಬರಿಗೂ ಅನ್ಯಾಯ ಮಾಡಿದ್ದು ಸಕಾಲದಲ್ಲಿ ನಿಯಮದಂತೆ ಹುದ್ದೆ ತುಂಬದ ಆಡಳಿತ.

ಮುಂಬಡ್ತಿಯ ಮೀಸಲಾತಿಯಲ್ಲಿಯೂ ಕರ್ನಾಟಕದ ನೌಕರರ ದಾವೆಗಳೇ ದೇಶದ ಚರ್ಚೆಯನ್ನು ರೂಪಿಸಿವೆ. ಮೀಸಲಾತಿಯಿಂದ ಬೇಗ ಮೇಲೇರಿದವರಿಗೆ ಅಲ್ಲಿನ ಜ್ಯೇಷ್ಠತೆಯೂ ಸಿಗಬೇಕೇ ಎಂಬುದು ಪ್ರಶ್ನೆ. 2000ದ ಡಿಸೆಂಬರ್‌ನ ಬಡಪ್ಪನವರ್ ತೀರ್ಪು ಇಲ್ಲವೆಂದಿತು. ಸಂವಿಧಾನಕ್ಕೇ ತಿದ್ದುಪಡಿಯಾಗಿ, 2002ರಲ್ಲಿ ರಾಜ್ಯ ಕಾಯಿದೆ ಮಾಡಿತು. ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ, ಆಡಳಿತದ ದಕ್ಷತೆ ಇವುಗಳ ಅಧ್ಯಯನವಿಲ್ಲವೆಂದು 2017ರಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಅದರ ಮುಖ್ಯ ಭಾಗ ಬಿದ್ದುಹೋಯಿತು. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಅಂಕಿ ಅಂಶ ಸಂಗ್ರಹಿಸಿ 2018ರಲ್ಲಿ ಹೊಸ ಕಾಯಿದೆ ತಂದಿತು. 2019ರ ಮೇ 10ರಂದು ಅದು ಎತ್ತಿಹಿಡಿಯಲ್ಪಟ್ಟಿತು. ಮಿಲ್ಲರ್ ಸಮಿತಿಯ ಕಾಲದಲ್ಲಿ ಅರಮನೆಯೊಳಗೆ ತೀರ್ಮಾನವಾದ ವಿಷಯ ನೂರು ವರ್ಷಗಳ ನಂತರ ಅಂಕಿ ಅಂಶಗಳ ಸಮೇತ ತೆರೆದ ನ್ಯಾಯಾಲಯದಲ್ಲಿ ಪರೀಕ್ಷೆಗೊಳಗಾಯಿತು.

ಕಾನೂನು ಕಚೇರಿಯವರ ಪಾಡು

ಈ ತತ್ವಗಳನ್ನು ಸರ್ಕಾರಿ ವಕೀಲರ ಕಚೇರಿಗೇ ಅನ್ವಯಿಸಿ ನೋಡಿದರೆ ನಿಯಮಗಳ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ವಕೀಲರ ನೇಮಕ 1977ರ ಕಾನೂನು ಅಧಿಕಾರಿಗಳ ನೇಮಕಾತಿ ಮತ್ತು ಸೇವಾ ಷರತ್ತುಗಳ ನಿಯಮಗಳಿಗೆ ಒಳಪಟ್ಟಿದೆ. ಇವರು ಸರ್ಕಾರಕ್ಕೆ ವಕೀಲರು. 311ನೆಯ ವಿಧಿಯ ರಕ್ಷಣೆಯುಳ್ಳ ನೌಕರರಲ್ಲ. ಉತ್ತರ ಪ್ರದೇಶ ಸರ್ಕಾರ ಜಿಲ್ಲೆ ಜಿಲ್ಲೆಗಳ ಸರ್ಕಾರಿ ವಕೀಲರನ್ನು ಒಂದೇ ಏಟಿಗೆ ತೆಗೆದುಹಾಕಿದಾಗ ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಮನಸೋಇಚ್ಛೆಯ ಕ್ರಮವೆಂದು ರದ್ದು ಮಾಡಿತು. 1994ರಲ್ಲಿ ಅದೇ ರಾಜ್ಯದ ಕಾನೂನು ಅಧಿಕಾರಿಗಳ ಸಂಘದ ಪ್ರಕರಣದಲ್ಲಿ, ತೆರೆದ ಆಯ್ಕೆಯಿಲ್ಲದೆ ಹಿಂಬಾಗಿಲಿನಿಂದ ಬಂದವರು ಅದೇ ಬಾಗಿಲಿನಿಂದ ಹೊರಹೋಗಬೇಕಾದಾಗ ಗೋಳಾಡಬಾರದೆಂಬ ಧಾಟಿಯ ಮಾತನ್ನಾಡಿತು. 2016ರಲ್ಲಿ ಪಂಜಾಬ್ ಹರಿಯಾಣಗಳ ಪ್ರಕರಣದಲ್ಲಿ, ಸರ್ಕಾರ ತನ್ನ ವಕೀಲರನ್ನು ನ್ಯಾಯಯುತವಾಗಿ, ಪಾರದರ್ಶಕವಾಗಿ ಆರಿಸಬೇಕು ಎಂದಿತು.

ಸಹಾಯಕ ಸರ್ಕಾರಿ ಅಭಿಯೋಜಕರ ಕಥೆ ಬೇರೆ. ಮೊದಲು ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಲ್ಲಿ ಪೊಲೀಸ್ ಇಲಾಖೆಯವರೇ ಮೊಕದ್ದಮೆ ನಡೆಸುವ ಪದ್ಧತಿಯಿತ್ತು. 1974ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ, ತನಿಖೆ ಮಾಡುವವರೂ ವಾದಿಸುವವರೂ ಬೇರೆಯಾಗಿರಬೇಕೆಂದು ಬಯಸಿತು. ಆ ಬದಲಾವಣೆ ಹೆಸರಿಗಷ್ಟೇ ಆಗಿದ್ದ ಮಹಾರಾಷ್ಟ್ರಕ್ಕೆ, ಅಭಿಯೋಜಕರ ಪ್ರತ್ಯೇಕ ವೃಂದ ರಚಿಸಿ ಅವರನ್ನು ಪೊಲೀಸರ ಹತೋಟಿಯಿಂದ ಬಿಡಿಸಿ ಎಂದು 1995ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಕರ್ನಾಟಕದಲ್ಲಿ ಇವರು ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಗೆ ಸೇರಿದವರು. ಇವರ ಸೇವಾ ನಿಯಮ ಇವರೊಬ್ಬರ ಸಂಬಳ ಸಾರಿಗೆಯ ವಿಷಯವಷ್ಟೇ ಅಲ್ಲ. ಅಭಿಯೋಜಕನ ವರ್ಗಾವಣೆ, ಮುಂಬಡ್ತಿ, ಗೋಪ್ಯ ವರದಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಕಟಕಟೆಯಲ್ಲಿ ನಿಂತ ಆರೋಪಿಗೂ, ನೊಂದು ದೂರು ಕೊಟ್ಟವರಿಗೂ ಸಿಗುವ ನ್ಯಾಯ ನಿಂತಿರುತ್ತದೆ.

ಕೋರ್ಟ್ ಕಚೇರಿಯ ಸಣ್ಣ ಹುದ್ದೆಗಳೂ ದೊಡ್ಡ ತೀರ್ಪಿಗೆ ಕಾರಣವಾಗಬಲ್ಲವು. ರಾಜಸ್ಥಾನ ಹೈಕೋರ್ಟಿನ 13 ಅನುವಾದಕರ ಹುದ್ದೆಗೆ ಪರೀಕ್ಷೆ ಮುಗಿದ ಮೇಲೆ ಶೇಕಡ 75 ಅಂಕ ಬೇಕೆಂಬ ಹೊಸ ಷರತ್ತು ಬಂದು ಮೂವರು ಮಾತ್ರ ಆಯ್ಕೆಯಾದರು. ಆಟ ಆರಂಭವಾದ ಮೇಲೆ, ಮೊದಲೇ ನಿಯಮದಲ್ಲಿ ಅವಕಾಶವಿಲ್ಲದಿದ್ದರೆ, ಆಟದ ನಿಯಮ ಬದಲಿಸಬಾರದು ಎಂದು 2024ರ ನವೆಂಬರ್ 7ರಂದು ಸಂವಿಧಾನ ಪೀಠ ತೀರ್ಮಾನಿಸಿತು. ಕರ್ನಾಟಕದ ತಹಶೀಲ್ದಾರ್ ನೇಮಕಕ್ಕೆ ಸಂಬಂಧಿಸಿದ ದೇವಿನ ಕಟ್ಟಿ ಪ್ರಕರಣದಲ್ಲಿ 1990ರಲ್ಲಿಯೇ ಸುಪ್ರೀಂ ಕೋರ್ಟು ಇದೇ ಹಾದಿಯ ಮಾತು ಹೇಳಿತ್ತು. ಅರ್ಜಿ ಕರೆದಾಗ ಯಾವ ನಿಯಮವಿತ್ತೋ ಆಯ್ಕೆ ಅದರಂತೆಯೇ ನಡೆಯಬೇಕು.

ಎಲ್ಲಿ, ಯಾವಾಗ ಕೇಳಬೇಕು?

ನಿಯಮವನ್ನು ಪ್ರಶ್ನಿಸುವ ಮೊದಲ ಅವಕಾಶ ಅದು ಹುಟ್ಟುವ ಮುಂಚೆಯೇ ಇದೆ. ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಕಾಯಿದೆ, 1978ರ ಪ್ರಕಾರ ವೃಂದ ಮತ್ತು ನೇಮಕಾತಿ ನಿಯಮದ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಸಾಮಾನ್ಯವಾಗಿ ಕೊಡುವ ಗಡುವು ಹದಿನೈದು ದಿನ. ಈ ಹದಿನೈದು ದಿನಗಳಲ್ಲಿ ಒಂದು ಪುಟದ ಆಕ್ಷೇಪಣೆ ಬರೆಯದವರು ಮುಂದೆ ಹದಿನೈದು ವರ್ಷ ದಾವೆಯ ಹಿಂದೆ ಓಡಾಡಬೇಕಾಗಬಹುದು.

ನಿಯಮ ಜಾರಿಗೆ ಬಂದ ಮೇಲೆ ರಾಜ್ಯ ಸರ್ಕಾರಿ ನೌಕರ ಮೊದಲು ಹೋಗಬೇಕಾದದ್ದು 1986ರಿಂದ ಕೆಲಸ ಮಾಡುತ್ತಿರುವ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ. ಇಲಾಖೆಯೊಳಗಿನ ಮೇಲ್ಮನವಿಯ ದಾರಿಯನ್ನು ಮುಗಿಸಿಕೊಂಡು, ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದು ಸಾಮಾನ್ಯ ಕ್ರಮ. ಮಂಡಳಿಯ ತೀರ್ಪನ್ನು ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಪ್ರಶ್ನಿಸಬಹುದೆಂದು 1997ರ ಚಂದ್ರಕುಮಾರ್ ತೀರ್ಪು ಹೇಳಿದೆ. ಇದರಲ್ಲೊಂದು ಸ್ವಾರಸ್ಯವಿದೆ. ನ್ಯಾಯಾಲಯಗಳ ಸಿಬ್ಬಂದಿ ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಮೈಸೂರಿನ ಸರ್ಕಾರಿ ಅಭಿಯೋಜಕರ ಕಚೇರಿಯ ಗುಮಾಸ್ತೆಗೆ ತಕರಾರಿದ್ದರೆ ಆಡಳಿತ ನ್ಯಾಯಮಂಡಳಿ. ದಿನವೂ ಅವನ ಕೈಯಿಂದ ಕಾಗದ ತೆಗೆದುಕೊಳ್ಳುವ ಕೋರ್ಟಿನ ಗುಮಾಸ್ತೆಗೆ ತಕರಾರಿದ್ದರೆ ನೇರ ಹೈಕೋರ್ಟು. ವಿಶ್ವವಿದ್ಯಾನಿಲಯದ ಸಿಬ್ಬಂದಿಯ ದಾರಿಯೂ ಹೈಕೋರ್ಟಿನ ಕಡೆಗೇ. ಬಾಗಿಲು ತಪ್ಪಿ ಹೋದವನ ಅರ್ಜಿ ತಿರುಗಿ ಬರುವಷ್ಟರಲ್ಲಿ ಅವಧಿ ಮೀರಿರುವುದೂ ಉಂಟು.

ಈ ಎಲ್ಲ ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಿದರೆ ನೌಕರರು ಗೆದ್ದಿರುವುದಕ್ಕಿಂತ ಸೋತಿರುವುದೇ ಹೆಚ್ಚೇನೋ ಅನ್ನಿಸಬಹುದು. ಸರ್ಕಾರಕ್ಕೆ ನಿಯಮ ಮಾಡುವ, ಬದಲಿಸುವ, ದರ್ಜೆ ವಿಂಗಡಿಸುವ ವಿಶಾಲ ಅಧಿಕಾರವನ್ನು ನ್ಯಾಯಾಲಯಗಳು ಒಪ್ಪಿವೆ. ಒಪ್ಪದಿರುವುದು ಕೆಲವನ್ನು ಮಾತ್ರ. ಬರೆದ ನಿಯಮವನ್ನು ಬದಿಗಿಟ್ಟು ಆದೇಶ ಹೊರಡಿಸುವುದು, ಒಬ್ಬರಿಗಾಗಿ ನಿಯಮ ಬರೆಯುವುದು, ನಡುದಾರಿಯಲ್ಲಿ ನಿಯಮ ತಿರುಚುವುದು, ಕೇಳದೆ ಶಿಕ್ಷಿಸುವುದು. ಇಷ್ಟನ್ನು ಸ್ಥಾಪಿಸಲು ಗುಮಾಸ್ತೆಗಳು, ನಕ್ಷೆಗಾರರು, ಎಂಜಿನಿಯರುಗಳು ತಮ್ಮ ಸೇವೆಯ ಒಳ್ಳೆಯ ವರ್ಷಗಳನ್ನೂ ಸಂಬಳದ ಉಳಿತಾಯವನ್ನೂ ಖರ್ಚು ಮಾಡಿದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ತೀರ್ಪಿನ ಪ್ರಯೋಜನ ಸಿಗುವ ಹೊತ್ತಿಗೆ ನಿವೃತ್ತಿ ಹತ್ತಿರವಾಗಿತ್ತು.

ತಡವಾಗಿ ಸಿಕ್ಕ ಆ ನ್ಯಾಯ ಅವರ ಹಿಂದೆ ಬಂದವರಿಗೆ ಮಾತ್ರ ಸಕಾಲಕ್ಕೇ ಸಿಕ್ಕಿದೆ. ಇಂದು ಮೈಸೂರಿನ ಯಾವುದೇ ಕಚೇರಿಯಲ್ಲಿ ಜ್ಯೇಷ್ಠತಾ ಪಟ್ಟಿಯ ಕರಡು ಗೋಡೆಗೆ ಅಂಟಿದಾಗ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯೂ ತನ್ನ ಹೆಸರಿನ ಮುಂದಿನ ದಿನಾಂಕ ತಪ್ಪಾಗಿದೆ ಎಂದು ಧೈರ್ಯವಾಗಿ ಬರೆದುಕೊಡಬಹುದು. ಅದನ್ನು ಓದಿ ಕಾರಣಸಹಿತ ಉತ್ತರ ಕೊಡುವುದು ಮೇಲಧಿಕಾರಿಯ ಕರ್ತವ್ಯ.